ಯಾರು ಯಾರಿಗೆ ದಾರಿ ಬಿಡಬೇಕು?

ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಆಂಧ್ರದ ಕೊಂಡಪಲ್ಲಿಯಲ್ಲಿ ಕೂತು ಹಿಮದ ಚಿಂತೆ ಮಾಡುವ ಗಂಡನಿಗೆ ಹೆಂಡತಿ ಏನೆನ್ನಬೇಕು? "ಮಜ್ಜಿಗೆ ಕೊಡಲೇ?" ಎಂದಳು ನನ್ನವಳು.

ಕೊಡಗಿನ ತೆಕ್ಕಡ ಭವಾನಿ ಗುಲ್ಮಾರ್ಗಿನ ಹಿಮದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಆಡಿ ಕರ್ನಾಟಕಕ್ಕೆ ಚಿನ್ನ ತಂದಾಗಿನಿಂದ ನನಗೆ ಈ ಗೀಳು. ಈ ಆಟ ಬೆಟ್ಟದಿಂದ ಸುಮ್ಮನೆ ಜಾರುವ ಶೋಕಿಯಲ್ಲ. ಸ್ಕೀ ಹಲಗೆಗೆ ಬೂಟಿನ ತುದಿಯಷ್ಟೇ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಬಿಡಿಯಾಗಿರುತ್ತದೆ. ಕೋಲು ಊರುತ್ತ ಬಯಲು, ದಿಣ್ಣೆ ಎಲ್ಲ ದಾಟಬೇಕು. ಹಿಮ ಹೊಸದಾಗಿ ಬಿದ್ದಿದ್ದರೆ ಕಾಲು ಹೂತು ಏದುಸಿರು. ಆಗ ಕೈಹಿಡಿಯುವುದು ಸ್ನೋಮೊಬೈಲ್. ಅಗಲ ಪಟ್ಟಿಯ ಮೇಲೆ ಓಡುವ ಆ ಗಾಡಿ ಹಿಮವನ್ನು ಅದುಮಿ ಗಟ್ಟಿಮಾಡಿ ಹೋಗುತ್ತದೆ. ಸ್ಕೀಯವರು ಅದರ ಸದ್ದಿಗೂ ಹೊಗೆಗೂ ಮೂಗು ಮುರಿಯುತ್ತಾರೆ. ಮರುಗಳಿಗೆ ಅದೇ ಜಾಡಿನಲ್ಲಿ ಸೊಗಸಾಗಿ ಸಾಗುತ್ತಾರೆ. ನಾರ್ವೆಯಲ್ಲಂತೂ ಮೋಜಿಗೆ ಸ್ನೋಮೊಬೈಲ್ ಓಡಿಸಲು ಬಹುತೇಕ ಕಡೆ ಬಿಡುವುದೇ ಇಲ್ಲ. ಸ್ಕೀಯವರ ಸಿಟ್ಟು ಗಾಡಿಯ ಮೇಲಷ್ಟೇ ಅಲ್ಲ. ಬೂಟುಗಾಲಲ್ಲಿ ನಡೆದು ಜಾಡಿನ ತುಂಬ ಗುಂಡಿ ಮಾಡುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ.

ನಮ್ಮ ಕೊಂಡಪಲ್ಲಿ ಕೋಟೆಯ ಘಾಟಿ ರಸ್ತೆಯಲ್ಲೂ ಇದೇ ಕಥೆ. ಬೆಳಿಗ್ಗೆ ನಡೆಯುವ ನಾನು ಬೈಕುಗಳ ಹಾರನ್ನಿಗೆ ಶಪಿಸುತ್ತೇನೆ. ಗಾಡಿಗಳಿಗಾಗಿ ಟಾರು ಬೀಳದಿದ್ದರೆ ಮುಳ್ಳುಕಲ್ಲು ತುಳಿದು ಹತ್ತುವ ಆಸಾಮಿ ನಾನಲ್ಲ, ಅದು ಬೇರೆ ಮಾತು. ಕಾರು ಬೈಕಿಗೆ ಗದರುತ್ತದೆ, ಬೈಕು ನನಗೆ, ನಾನು ಮೇಕೆಗೆ. ಎಮ್ಮೆ ಮಾತ್ರ ಯಾರಿಗೂ ಜಗ್ಗುವುದಿಲ್ಲ. ಕೊಂಡವೀಡು ಕೋಟೆ ಗೆದ್ದ ಮೇಲೆ ನಮ್ಮ ಕೃಷ್ಣದೇವರಾಯ ಈ ಕೋಟೆಗೂ ದಂಡು ತಂದನಲ್ಲ, ಆನೆಗಳ ಹಿಂದೆ ಏದುತ್ತ ಬಂದ ಕಾಲಾಳು ಅವುಗಳನ್ನು ಬೈದನೋ, ಹಾದಿ ಮಾಡಿಕೊಟ್ಟವೆಂದು ಕೈಮುಗಿದನೋ!

ಕೋಟೆಯ ಕೆಳಗೆ ಬೊಂಬೆ ಮಾಡುವವರ ಬೀದಿ. ಹಗುರವಾದ ಪೊಣಿಕಿ ಮರವನ್ನು ಕಾಯಿಸಿ ತೇವ ತೆಗೆದು, ಕೈಕಾಲು ಬೇರೆಬೇರೆ ಕೆತ್ತಿ, ಹುಣಸೆಬೀಜದ ಪುಡಿ, ಮರದ ಹೊಟ್ಟು ಕಲಸಿದ ಮಕ್ಕಿನಿಂದ ಅಂಟಿಸುತ್ತಾರೆ. ಅಲ್ಲಿದ್ದ ಹಿರಿಯರೊಬ್ಬರಿಗೆ ಸ್ಕೀ ಆಡುವವನ ಚಿತ್ರ ತೋರಿಸಿ, ಇಂಥದ್ದೊಂದು ಆಗುತ್ತದೆಯೇ ಎಂದೆ.

"ಇದಿ ಏ ಅವತಾರಮಂಡಿ?" ಎಂದರು. ದಶಾವತಾರ ಮಾಡಿ ಪಳಗಿದ ಕೈ, ಹನ್ನೊಂದನೆಯದಕ್ಕೂ ತಯಾರು.

ವಿವರಿಸಿದೆ. ಚಿತ್ರವನ್ನು ತಿರುಗಿಸಿ ನೋಡಿ, ಹಲಗೆಗೆ ಚಕ್ರ ಕೂರಿಸಿದರೆ ಮಕ್ಕಳು ದಾರ ಕಟ್ಟಿ ಎಳೆದಾಡುತ್ತವೆ, ಇಲ್ಲದಿದ್ದರೆ ಇದನ್ನು ಯಾರೂ ಕೊಳ್ಳುವುದಿಲ್ಲ ಎಂದರು. ಹಿಮವಿಲ್ಲದ ತಿಂಗಳುಗಳಲ್ಲಿ ಸ್ಕೀ ಪಟುಗಳು ಚಕ್ರದ ಹಲಗೆ ಕಟ್ಟಿಕೊಂಡೇ ಟಾರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರೆಂದು ನಾನು ಹೇಳುವಷ್ಟರಲ್ಲಿ ಮುಂಗಡಕ್ಕೆ ಕೈ ಚಾಚಿದ್ದರು.