ನಾಟ್-ಆಲ್ ಮೇಷ್ಟ್ರು

ನಮ್ಮ ಬಡಾವಣೆಯ ಪಾರ್ಕಿನ ಗೇಟಿಗೆ ಸಂಘದವರು ಒಂದು ಬೋರ್ಡು ತಗುಲಿಹಾಕಿದರು: 'ಆಲ್ ಡಾಗ್ಸ್ ಆರ್ ನಾಟ್ ಅಲೌಡ್'. ಮರುದಿನ ಬೆಳಿಗ್ಗೆ ಅದರಡಿ ಕೆಂಪು ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಒಂದು ಪ್ರಶ್ನೆ: 'ಹಾಗಾದರೆ ಯಾವ ನಾಯಿಗೆ ಪ್ರವೇಶವುಂಟು?' ಸಹಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಜೇಬಿಗೆ ಕೆಂಪು ಪೆನ್ನು ಸಿಕ್ಕಿಸಿಕೊಂಡು ವಾಕಿಂಗ್ ಹೋಗುವವರು ನಮ್ಮಲ್ಲಿ ನಾಟ್-ಆಲ್ ಮೇಷ್ಟ್ರು ಒಬ್ಬರೇ.

ಹೈಸ್ಕೂಲಿನಲ್ಲಿ 32 ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಬೆನ್ನು ಹರಿದ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕ ಅವರ ಮನೆಯಲ್ಲಿ ದೇವರ ಗೂಡಿಗೆ ಒಂದೇ ಗೇಣು ದೂರ. ಲೋಕದ ಅರ್ಧ ಜಗಳಕ್ಕೆ 'ನಾಟ್' ತಪ್ಪು ಜಾಗದಲ್ಲಿ ಕೂತದ್ದೇ ಕಾರಣ ಅಂತ ಅವರ ನಂಬಿಕೆ. 'ನಾಟ್ ಆಲ್ ದ ಬಾಯ್ಸ್ ಕೇಮ್' ಅಂದರೆ ಕೆಲವರು ಬಂದರು, ಕೆಲವರು ಇಲ್ಲ. 'ನನ್ ಆಫ್ ದ ಬಾಯ್ಸ್ ಕೇಮ್' ಅಂದರೆ ಒಂದು ನರಪಿಳ್ಳೆಯೂ ಇಲ್ಲ. ಇಲ್ಲಿಯವರೆಗೆ ಸುಖ. 'ಆಲ್ ದ ಬಾಯ್ಸ್ ಡಿಡ್ ನಾಟ್ ಕಮ್' ಅಂದಿರೋ, ಅದು ಎರಡೂ ಕಡೆಗೆ ಸಾಕ್ಷಿ ಹೇಳುವ ವಾಕ್ಯ. ಬಾಯಲ್ಲಾದರೆ ಇಂಗ್ಲಿಷಿನವರು ಕೊನೆಗೆ ದನಿ ಇಳಿಸಿ ಮತ್ತೆ ಏರಿಸಿ 'ಕೆಲವರು' ಎಂಬುದನ್ನು ತಿಳಿಸಿಬಿಡುತ್ತಾರೆ. ಸೀದಾ ಇಳಿಸಿದರೆ ಯಾರೂ ಇಲ್ಲ ಅಂತ. ಕಾಗದದ ಮೇಲೆ ರಾಗ ಬರೆಯುವುದು ಹೇಗೆ? ಇದನ್ನು ವಿವರಿಸುವಾಗ ಮೇಷ್ಟ್ರ ಕತ್ತು ಬಾವಿಗಿಳಿದ ಕೊಡದ ಹಾಗೆ ಕೆಳಗೆ ಹೋಗಿ ಮೇಲೆ ಬರುತ್ತದೆ. "1917ರಲ್ಲೇ ಡೆನ್ಮಾರ್ಕಿನ ಯೆಸ್ಪರ್ಸನ್ ಈ 'ಇಲ್ಲ'ದ ಮೇಲೆ ಒಂದು ಪುಸ್ತಕಾನೇ ಬರೆದ ಕಣ್ರೀ. ನಮಗೆ ಒಂದು ಬೋರ್ಡು ಬರೆಯೋಕೆ ಬರಲ್ಲ!"

ನನಗೇನೋ ಬೋರ್ಡು ಬರೆದವರ ಮೇಲೆ ಕನಿಕರ. ಮದುವೆಮನೆಯಲ್ಲಿ "ಎಲ್ಲರೂ ಬಂದಿಲ್ಲ" ಅಂದರೆ ಅಡುಗೆ ಭಟ್ಟರು ಒಲೆ ಆರಿಸುವುದಿಲ್ಲ. "ಯಾರೂ ಬಂದಿಲ್ಲ" ಅಂದಾಗಲೇ ಗಾಬರಿ. ಕನ್ನಡದಲ್ಲಿ 'ಎಲ್ಲರೂ' ಹೋಗಿ 'ಯಾರೂ' ಬಂದರೆ ಸಾಕು, 'ಇಲ್ಲ' ಕೂತಲ್ಲಿಂದ ಅಲ್ಲಾಡಬೇಕಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಕೇಳಿ ಯಾರಾದರೂ ಹಾಲಿನವನನ್ನು ಬಿಡಿಸಿದ್ದುಂಟೆ? ಹೊಳೆಯುವುದೆಲ್ಲ ಚಿನ್ನವಲ್ಲ ಎಂಬ ಇಂಗ್ಲಿಷ್ ಗಾದೆಯಲ್ಲೂ 'ನಾಟ್' ಕೂತಿರುವುದು ಆ ನಾಯಿ ಬೋರ್ಡಿನ ಜಾಗದಲ್ಲೇ. 'ಮರ್ಚೆಂಟ್ ಆಫ್ ವೆನಿಸ್'ನ ಚಿನ್ನದ ಪೆಟ್ಟಿಗೆಯೊಳಗಿನ ಚೀಟಿಗೆ ಶೇಕ್ಸ್‌ಪಿಯರ್ ಬರೆದದ್ದೂ ಹಾಗೇ ಅಲ್ಲವೇ ಅಂತ ಒಮ್ಮೆ ಕೆಣಕಿದೆ. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸಿದರು.

"ಅವನಿಗೂ ಅರ್ಧ ಮಾರ್ಕು ಕಟ್."

ಹೋದ ತಿಂಗಳು ಮೇಷ್ಟ್ರಿಗೆ ಸಕ್ಕರೆ ಏರಿತು. ಎಳೆವಯಸ್ಸಿನ ಡಾಕ್ಟರು ಚೀಟಿಯ ತಳದಲ್ಲಿ 'ಆಲ್ ಸ್ವೀಟ್ಸ್ ನಾಟ್ ಅಲೌಡ್' ಎಂದು ಗೀಚಿಕೊಟ್ಟರು. ಜೊತೆಗೆ ಹೋಗಿದ್ದ ನಾನು ಕೆಂಪು ಪೆನ್ನು ಈಗ ಬಂತು, ಆಗ ಬಂತು ಅಂತ ಕಾದೆ. ಬರಲಿಲ್ಲ. ಮೇಷ್ಟ್ರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಪತ್ರ ಜೋಪಾನ ಮಾಡುವವರ ಹಾಗೆ ಜೇಬಿಗಿಟ್ಟುಕೊಂಡರು.

ಮೊನ್ನೆ ಪಕ್ಕದ ರಸ್ತೆಯ ಗೃಹಪ್ರವೇಶದಲ್ಲಿ ಅವರ ಎಲೆಗೆ ಮೈಸೂರು ಪಾಕು ಬಿತ್ತು. ಎದುರು ಪಂಕ್ತಿಯಿಂದ ಅವರ ಮನೆಯವರು ಕಣ್ಣು ಬಿಟ್ಟರು.

"ರೀ, ಡಾಕ್ಟ್ರು ಏನಂದಿದಾರೆ?"

ಮೇಷ್ಟ್ರು ಎಡಗೈಯಲ್ಲೇ ಚೀಟಿ ಬಿಡಿಸಿದರು. "ಸರಿಯಾಗಿ ಓದು. ಎಲ್ಲಾ ಸ್ವೀಟೂ ತಿನ್ನಬಾರದು ಅಂತಷ್ಟೇ ಇರೋದು. ಎಲ್ಲಾನೂ ಎಲ್ಲಿ ತಿಂದೆ? ಜಹಾಂಗೀರು ಮುಟ್ಟಿದೀನಾ ನೋಡು."

"ಹಾಗಿದ್ರೆ ಮೊದಲು ಪಾರ್ಕಿಗೆ ಬಿಡೋ ನಾಯಿ ಯಾವುದು ಅಂತ ಹುಡುಕಿಕೊಂಡು ಬನ್ನಿ. ಆಮೇಲೆ ತಿನ್ನೋರಂತೆ."

ಪಂಕ್ತಿಯೆಲ್ಲ ಮೇಷ್ಟ್ರ ಕಡೆ ತಿರುಗಿತು. ಅವರ ಬಾಯಲ್ಲಿ ಆಗಲೇ ಮೈಸೂರು ಪಾಕಿತ್ತು. ಕತ್ತು ಮಾತ್ರ ಒಮ್ಮೆ ಕೆಳಗೆ ಹೋಗಿ ಮೇಲೆ ಬಂತು.