ಗುಲಗಂಜಿ ತೂಕದ ಬುತ್ತಿ

ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಅಲ್ಲಿನ ನದೀಸಂಗಮದ ಪುಣ್ಯ ಕಾಶಿಯದಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಅದರ ಅರ್ಥ. ತೂಕದ ವಿಚಾರದಲ್ಲಿ ಇಷ್ಟು ಕಟ್ಟುನಿಟ್ಟಾದವರು ಮೂರು ಲೋಕದಲ್ಲೂ ಇಲ್ಲ ಅಂದುಕೊಂಡಿದ್ದೆ, ನನ್ನ ಅಕ್ಕನ ಮಗ ಬೆಂಗಳೂರಿನಿಂದ ಬಂದಿಳಿಯುವವರೆಗೆ. ಚೀಲ ಹಗುರಾಗಲಿ ಅಂತ ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೇ ಅರ್ಧಕ್ಕೆ ಕತ್ತರಿಸಿಕೊಂಡು ಬಂದಿದ್ದ.

ನಂಜನಗೂಡಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಹರಕೆ ನಮ್ಮ ಅಕ್ಕನದು. ಮಂಡಿನೋವಿನಿಂದಾಗಿ ಅದು ಮಗನಿಗೆ ವರ್ಗವಾಗಿದೆ, ಜೊತೆಗೆ ನಾನು. ಮೊದಲ ದಿನದ ನಡಿಗೆ ಮುಗಿಸಿ ನರಸೀಪುರ ಸೇರಿ, ಅವನು ಕಾಲು ತೊಳೆಯಲು ಹೊಳೆಗೆ ಇಳಿದಾಗ ಅವನ ಚೀಲ ನನ್ನ ಕಾವಲಿಗೆ ಬಂತು. ಬಾಯಿ ತೆರೆದೇ ಇತ್ತು. ಒಳಗಿನಿಂದ ಬೆಳ್ಳಿ ಬಣ್ಣದ ಪೊಟ್ಟಣವೊಂದು ಇಣುಕುತ್ತಿತ್ತು: ಫ್ರೀಜ್ ಡ್ರೈ ಮಾಡಿದ ಬಿಸಿಬೇಳೆ ಬಾತ್. ಮಾತಿಗೆ ಎಳೆದೆ.

ನಮಸ್ಕಾರ. ತಮ್ಮ ಪರಿಚಯ?

ಪೊಟ್ಟಣ: ಪೂರ್ವಾಶ್ರಮದಲ್ಲಿ ನಾನೂ ಎಲ್ಲರಂತೆ ತುಪ್ಪ, ಬೂಂದಿ ಹಾಕಿಸಿಕೊಂಡು ಬಾಳೆಲೆಯ ಮೇಲೆ ಕೂರಬೇಕಾದವನೇ. ಬೆಂದ ಮೇಲೆ ನನ್ನನ್ನು ಮೈನಸ್ 40 ಡಿಗ್ರಿಯ ಚಳಿಯಲ್ಲಿ ಕಲ್ಲಾಗಿಸಿದರು. ಆಮೇಲೆ ಗಾಳಿ ಎಳೆದುಬಿಟ್ಟ ಕೋಣೆಗೆ ಹಾಕಿದರು. ಅಲ್ಲಿ ಒತ್ತಡ ಹೊರಗಿನದರ ನೂರರಲ್ಲಿ ಒಂದು ಪಾಲೂ ಇಲ್ಲ. ಅಷ್ಟು ಕಡಿಮೆ ಒತ್ತಡದಲ್ಲಿ ಮಂಜುಗಡ್ಡೆ ಕರಗಿ ನೀರಾಗುವುದಿಲ್ಲ, ನೇರವಾಗಿ ಆವಿಯಾಗಿ ಹೊರಟುಹೋಗುತ್ತದೆ.

ಅಂದರೆ ಗೃಹಸ್ಥಾಶ್ರಮಕ್ಕೆ ಕಾಲಿಡದೆ ಬ್ರಹ್ಮಚರ್ಯದಿಂದ ನೇರ ಸನ್ಯಾಸ.

ಪೊಟ್ಟಣ: ಹಾಗೇ ಅನ್ನಿ. ನೀರು ಹೋದ ಜಾಗ ಸಣ್ಣ ಸಣ್ಣ ತೂತುಗಳಾಗಿ ಉಳಿಯುತ್ತದೆ. ಬಿಸಿನೀರು ಹೊಯ್ದರೆ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಬಿಸಿಲಲ್ಲಿ ಒಣಗಿದವರ ಹಾಗೆ ನಾವು ಮುದುಡುವುದಿಲ್ಲ, ಆಕಾರ ಬಿಡುವುದಿಲ್ಲ.

ವಂಶ ಯಾವುದು?

ಪೊಟ್ಟಣ: ಮೂಲ ಆಂಡೀಸ್ ಪರ್ವತ. ಅಲ್ಲಿನವರು ಆಲೂಗಡ್ಡೆಯನ್ನು ರಾತ್ರಿ ಹಿಮಕ್ಕೆ ಹರವಿ, ಹಗಲು ಬಿಸಿಲಿಗಿಟ್ಟು, ತುಳಿದು ನೀರು ತೆಗೆದು ವರ್ಷಗಟ್ಟಲೆ ಇಡುತ್ತಿದ್ದರು. ದಾಯಾದಿಗಳು ನಿಮ್ಮ ಮಗ್ಗುಲಲ್ಲೇ ಇದ್ದಾರೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರದು. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಬುತ್ತಿ ಕಟ್ಟಿಕೊಟ್ಟದ್ದು ಅದೇ. ಇನ್ನು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಇನ್‌ಸ್ಟಂಟ್ ಕಾಫಿ, ಎರಡು ನಿಮಿಷದ ನೂಡಲ್ಸ್ ಇಬ್ಬರೂ ಇದ್ದಾರೆ. ನೀರು ಕಳೆದುಕೊಂಡವರೆಲ್ಲ ಬಂಧುಗಳೇ, ವಿಧಾನ ಬೇರೆ ಅಷ್ಟೇ.

ಬೆಲೆ?

ಪೊಟ್ಟಣ: (ಗಂಟಲು ಸರಿಮಾಡಿಕೊಂಡು) 90 ಗ್ರಾಮಿಗೆ 450 ರೂಪಾಯಿ. ನೋಡಿ, ನನ್ನನ್ನು ಒಣಗಿಸಲು ಒಂದು ದಿನಕ್ಕೂ ಮೇಲೆ ಬೇಕು. ಅಷ್ಟು ಹೊತ್ತೂ ಯಂತ್ರ ಓಡಬೇಕು, ಕರೆಂಟು ಉರಿಯಬೇಕು.

ಕಿಲೋಗೆ ಐದು ಸಾವಿರ ಆಯಿತಲ್ಲ!

ಪೊಟ್ಟಣ ಉತ್ತರಿಸುವ ಮೊದಲೇ ನನ್ನ ಬಟ್ಟೆಗಂಟಿನೊಳಗಿನಿಂದ ಕೆಮ್ಮು ಕೇಳಿಸಿತು. ಹೊರಡುವಾಗ ಅಕ್ಕ ತುರುಕಿದ್ದ ರಾಗಿ ಹುರಿಹಿಟ್ಟಿನ ಗಂಟು.

ಹುರಿಹಿಟ್ಟು: ಕಂದ, 2025-26ಕ್ಕ ಸರ್ಕಾರ ರಾಗಿಗ ಕಟ್ಟಿರ ಬೆಂಬಲ ಬೆಲ ಯಾಟು ಗೊತ್ತದ? ಕ್ವಿಂಟಾಲ್‌ಗ 4,886 ರೂಪಾಯಿ. ಇವುನ್ನ ಒಂದು ಕೇಜಿ ತಕ್ಕಳೋ ದುಡ್ಡಲ್ಲಿ ನಮ್ಮನ್ನ ಒಂದು ಕ್ವಿಂಟಾಲು ಹೇರ್ಕ ಬರಬೋದು. ಮಿಕ್ಕ ಚಿಲ್ರಲಿ ಒಸಿ ಬೆಲ್ಲನೂ ಬತ್ತದ.

ಪೊಟ್ಟಣ: ಇದು ಯಾರು?

ನಮ್ಮ ಹುರಿಹಿಟ್ಟವ್ವ. ನಿಮಗಿಂತ ಹಿರಿಯರು. ಮುಂದಿನ ಪ್ರಶ್ನೆ: ನಿಮ್ಮಿಂದ ತೆಗೆದ ನೀರನ್ನು ಮತ್ತೆ ಕೊಡುವವರು ಯಾರು?

ಪೊಟ್ಟಣ: ತಾವೇ. 300 ಮಿಲಿಲೀಟರ್, ಕುದಿಯುತ್ತಿರಬೇಕು.

ಕಪಿಲೆ ಇದ್ದಾಳೆ, ಕಾವೇರಿ ಇದ್ದಾಳೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇದೆ. ಸಂಗಮದಲ್ಲಿ ಸರಿ. ಕೊಳ್ಳೇಗಾಲ, ಹನೂರು ದಾಟಿ ತಾಳಬೆಟ್ಟದ ಒಣಕಾಡು ಹತ್ತುವಾಗ?

ಪೊಟ್ಟಣ: ಬಾಟಲಿಯಲ್ಲಿ ಹೊತ್ತುಕೊಂಡು ಹೋಗಬೇಕು.

ಹಾಗಾದರೆ 90 ಗ್ರಾಂ ನೀವು, 300 ಗ್ರಾಂ ನೀರು. ಮೇಲೆ ಒಲೆ, ಗ್ಯಾಸಿನ ಡಬ್ಬಿ. ತಿಂದದ್ದೂ ಬಿಸಿಬೇಳೆ ಬಾತೇ, ಹೊತ್ತದ್ದೂ ಬಿಸಿಬೇಳೆ ಬಾತೇ. ಕಿಲೋಗೆ ಐದು ಸಾವಿರದ ಲೆಕ್ಕದಲ್ಲಿ ಕೊಟ್ಟದ್ದು ಯಾವುದಕ್ಕೆ?

ಪೊಟ್ಟಣ: (ಸ್ವಲ್ಪ ಹೊತ್ತು ಸುಮ್ಮನಿದ್ದು) ನೀರು ಇಲ್ಲದೆ ಇರುವುದಕ್ಕೆ.

ಕಾಡಿನಲ್ಲಿ ಒಲೆ ಹಚ್ಚಿದರೆ ಅರಣ್ಯ ಇಲಾಖೆಯವರು ಬಂದು ಮಾತಾಡಿಸುತ್ತಾರೆ. ಅದು ಸಂದರ್ಶನವಾಗಿರುವುದಿಲ್ಲ.

ಹುರಿಹಿಟ್ಟು: ನಂಗ ಬೆಂಕಿನೂ ಬ್ಯಾಡ, ಬಿಸಿನೀರೂ ಬ್ಯಾಡ. ತಣ್ಣೀರು, ಮಜ್ಜಿಗ, ಯಾನಿದ್ರ ಅದ. ಒಂದು ಉಂಡ ಬೆಲ್ಲ ಹಾಕಿ ಕಲಸುದ್ರ ಆಯ್ತು. ಉರ್ಯೋ ಉರಿಯೆಲ್ಲ ನಾನು ಮನಲೇ ಉರ್ದು ಬಂದಿವ್ನಿ ಕನ.

ಅವ್ವ, ನಿಮ್ಮ ಕಥೆ ಹೇಳಿ.

ಹುರಿಹಿಟ್ಟು: ರಾಗಿಗ ನೀರು ಚಿಮುಕ್ಸಿ ಹದ ಬರೋಗಂಟ ಇಡ್ತರ. ಆಮ್ಯಾಲ ಕಾದ ಮಳ್ಳಿಗ ಸುರಿತರ. ಕಣ್ ಮುಚ್ಚಿ ತಗಿಯೋದ್ರೊಳಗ ಚಟಚಟ ಅಂತ ಅರಳ್ತೀವಿ. ಜರಡಿ ಹಿಡ್ದು, ಬೀಸುದ್ರ ಮುಗುದೋಯ್ತು. ಇವುನ್ನ ಚಳಿಲಿ ಸಾಯ್ಸುದ್ರು, ನನ್ನ ಬಿಸಿಲಿ ಅರಳ್ಸುದ್ರು. ಯಾರ ಹಣೆಬರ ಚೆಂದಾಗದ, ನೀನೇ ಹೇಳು.

ಪೊಟ್ಟಣ: ಆದರೆ ನನ್ನ ಬಾಳಿಕೆ ವರ್ಷಗಟ್ಟಲೆ. ಪರೀಕ್ಷೆ ಮಾಡಿ ಮುದ್ರೆ ಒತ್ತಿದ್ದಾರೆ.

ಈ ಪರೀಕ್ಷೆ ರಾಗಿಗೆ ಹೊಸದಲ್ಲ. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಹೆಚ್ಚು ಅಂತ ಜಗಳವಾಗುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ಬಂದಾಗ ಭತ್ತ ಸೊರಗಿರುತ್ತದೆ, ರಾಗಿ ಹೋದಂತೆಯೇ ಬಂದಿರುತ್ತದೆ. ಕನ್ನಡ ಕಾವ್ಯದ ಶೆಲ್ಫ್ ಲೈಫ್ ಪರೀಕ್ಷೆ ಅದು.

ಹುರಿಹಿಟ್ಟು: ಈ ದಾರಿಗೂ ನಾನೇ ಹಳಬಳು. ಮಾದಪ್ಪ ಬೆಟ್ಟಕ್ಕ ಹೋಗೋಕ ಮುಂಚ ನಮ್ಮ ನಂಜನಗೂಡು ಸೀಮ ಸುತ್ತೂರು ಮಠದಲ್ಲಿ ರಾಗಿ ಬೀಸ್ತಿದ್ನಂತ. ಕಂಸಾಳೆಯವ್ರು ಹಾಡ್ತರ, ಕೇಳಿಲ್ವ? ಆ ದೊಡ್ಡಯ್ಯನೇ ಕಲ್ಲ ಹಿಡ್ದು ಬೀಸಿರ ಹಿಟ್ಟು ಕನಪ್ಪ ನಾನು. ನಿಂದು ಯಾವ ದೇವ್ರು ಮುಟ್ಟಿರ ಹಿಟ್ಟು?

ಪೊಟ್ಟಣ: ನಮ್ಮಲ್ಲಿ ಕೈಗವಸಿಲ್ಲದೆ ಯಾರೂ ಮುಟ್ಟುವಂತಿಲ್ಲ.

ಅವ್ವ, ನಿಮ್ಮಲ್ಲಿ ದೋಷವೇ ಇಲ್ಲವೆ?

ಹುರಿಹಿಟ್ಟು: ಯಾಕಿಲ್ಲ? ತೇವ ತಗುಲುದ್ರ ಮುಗ್ಗಲು ನಾರ್ತಿನಿ. ಒಣಹಿಟ್ಟ ಬಾಯ್ಗ ಎಸ್ಕಂಡು ಮಾತಾಡಕ ಹೋದ್ರ ನೆತ್ತಿಗ ಹತ್ತುಸ್ತಿನಿ. ನಡ್ಯೋ ಐದು ದಿನವೂ ಮೂರು ಹೊತ್ತೂ ನನ್ನೇ ತಿಂದ್ರ ಮಾದಪ್ಪನ ಬದ್ಲು ನನ್ಗೇ ಕೈ ಮುಗ್ದು ಬುಡು ಅಂತೀರ. ಅದ್ಕೇ ಜೊತಗ ಚಟ್ನಿಪುಡಿ, ಅವಲಕ್ಕಿ, ಹುರಿಗಡಲ ಇರ್ಬೇಕು.

(ಪೊಟ್ಟಣದ ಕಡೆ ತಿರುಗಿ) ಕೊನೆಗೆ, ಕಡಿಮೆ ದುಡ್ಡಿನಲ್ಲಿ ಬುತ್ತಿ ಆರಿಸುವವರಿಗೆ ನಿಮ್ಮ ಸಲಹೆ? ವ್ಯಾಪಾರದ ಮಾತು ಬೇಡ.

ಪೊಟ್ಟಣ: ಹೇಳಿಬಿಡುತ್ತೇನೆ, ನಮ್ಮವರಿಗೆ ಹೇಳಬೇಡಿ. ನಮ್ಮ ಮುಖ ನೋಡಿ ಕೊಳ್ಳಬೇಡಿ, ಬೆನ್ನು ನೋಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಒಣ ತೂಕ, ಕ್ಯಾಲೊರಿ ಬರೆದಿರುತ್ತದೆ. ಬೆಲೆಯನ್ನು ಕ್ಯಾಲೊರಿಯಿಂದ ಭಾಗಿಸಿ, ನೂರು ಕ್ಯಾಲೊರಿಗೆ ಎಷ್ಟು ರೂಪಾಯಿ ಅಂತ ಹೋಲಿಸಿ. ‘ಇಬ್ಬರಿಗೆ ಸಾಕು’ ಅಂತ ಇದ್ದರೆ ಆ ಇಬ್ಬರು ದಿನವೆಲ್ಲ ಕುರ್ಚಿಯ ಮೇಲೆ ಕೂತವರು ಅಂತ ತಿಳಿಯಿರಿ. ಉಪ್ಪಿನಂಶ ನೋಡಿ. ಫ್ರೀಜ್ ಡ್ರೈ, ಬರಿಯ ಡ್ರೈ, ರಿಟಾರ್ಟ್ ಮೂರೂ ಬೇರೆ ಬೇರೆ. ರಿಟಾರ್ಟ್ ಅಂದರೆ ಬೇಯಿಸಿ, ಮೊಹರು ಹಾಕಿ, 121 ಡಿಗ್ರಿ ಶಾಖ ಕೊಟ್ಟದ್ದು. ಅಗ್ಗ, ಕಾಯಿಸದೆಯೂ ತಿನ್ನಬಹುದು. ಆದರೆ ಸಾರಿನ ನೀರು ಒಳಗೇ ಇರುತ್ತದೆ, ತೂಕ ಜಾಸ್ತಿ. ಬರಿಯ ಡ್ರೈ ಅಗ್ಗ, ನೆನೆಯುವುದು ನಿಧಾನ.

ಮತ್ತೆ ನೀವು ಬೇಕಾಗುವುದು ಯಾರಿಗೆ?

ಪೊಟ್ಟಣ: ಹತ್ತು ಹನ್ನೆರಡು ದಿನ ಅಂಗಡಿ, ಮನೆ, ಮನುಷ್ಯರು ಸಿಗದ ಎತ್ತರಕ್ಕೆ ಹೋಗುವವರಿಗೆ. ಅಲ್ಲಿ ಸುತ್ತ ಹಿಮ ಬಿದ್ದಿರುತ್ತದೆ, ಕರಗಿಸಿದರೆ ನೀರು. ಅದನ್ನು ಹೊರಬೇಕಾಗಿಲ್ಲ, ನನ್ನನ್ನಷ್ಟೇ ಹೊತ್ತರೆ ಸಾಕು. ಗಡಿ ಕಾಯುವ ಸೈನಿಕನಿಗೆ ನಾನು ದುಬಾರಿಯಲ್ಲ. ಹೆಜ್ಜೆಗೊಂದು ಅರವಟ್ಟಿಗೆ ಇಟ್ಟು, ಅನ್ನದಾನ ಮಾಡುವ ಭಕ್ತರು ಕೈ ಹಿಡಿದು ಎಲೆಯ ಮುಂದೆ ಕೂರಿಸುವ ಈ ದಾರಿಗೆ ನನ್ನನ್ನು ಯಾಕೆ ತಂದ ಅಂತ ನನಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಅಕ್ಕನ ಮಗ ಹೊಳೆಯಿಂದ ಬಂದ. ಚೀಲ ತೂಗುವ ಕೊಕ್ಕೆ ತಕ್ಕಡಿ ತೆಗೆದು ಪೊಟ್ಟಣ, ನೀರು, ಒಲೆ, ಗ್ಯಾಸು ಎಲ್ಲ ಒಟ್ಟಿಗೆ ನೇತುಹಾಕಿದ. ಮುಳ್ಳು ನೋಡಿದ, ಕತ್ತರಿಸಿದ ಬ್ರಷ್ಷನ್ನು ನೋಡಿದ, ನನ್ನನ್ನು ನೋಡಲಿಲ್ಲ. ಒಲೆ, ಗ್ಯಾಸನ್ನು ಊರಿಗೆ ಹೊರಟಿದ್ದ ಪರಿಚಯದವರ ಕೈಲಿ ಕಳಿಸಿದ. ಪೊಟ್ಟಣ ಬಿಡಲು ಮಾತ್ರ ಮನಸ್ಸಾಗಲಿಲ್ಲ. ನಾನೂರೈವತ್ತು ರೂಪಾಯಿ.

ಹುರಿಹಿಟ್ಟು ಕೊಳ್ಳೇಗಾಲ ದಾಟುವುದರೊಳಗೆ ಖಾಲಿಯಾಯಿತು. ಮುಂದೆ ಅನ್ನದಾನದ ಎಲೆಗಳು ನಡೆಸಿಕೊಂಡು ಹೋದವು, ಬೆಟ್ಟದ ಮೇಲೆ ದಾಸೋಹವಿತ್ತು. ಪೊಟ್ಟಣ ಚೀಲದ ತಳದಲ್ಲಿ ಕೂತು, ಒಂದು ಹೆಜ್ಜೆಯನ್ನೂ ಇಡದೆ, ಏಳುಮಲೆ ಕಂಡು ವಾಪಸು ಬಂತು. ಈಗ ಅಕ್ಕನ ಅಡುಗೆಮನೆಯ ಅಟ್ಟದ ಮೇಲಿದೆ. ಪುಣ್ಯ ಎಷ್ಟು ಬಂತೋ ತಿಳಿಯದು. ತೂಕ ಮಾತ್ರ 90 ಗ್ರಾಂ, ಗುಲಗಂಜಿಯಷ್ಟೂ ಇಳಿದಿಲ್ಲ.