ದಹಿಸರ್ ನದೀತೀರದ ಜನನಾಯಕರ ಕಳಕಳಿ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಾಸ್ತಾವಿಕ

ನಾಯಕರೊಬ್ಬರ ಅಭಿನಂದನ ಗ್ರಂಥದಲ್ಲಿ ಅವರ ಪರಿಸರ ಚಿಂತನೆಯ ತಾತ್ವಿಕ ನೆಲೆಗಳನ್ನು ಕುರಿತ ಲೇಖನವೊಂದನ್ನು ಪೂರ್ತಿ ಓದುವ ಯೋಗ ಪ್ರಸ್ತುತ ಸಂಶೋಧಕನಿಗೆ ಒದಗಿ ಬಂತು. ನಾಯಕರು ವಾರ್ಡು ಮಟ್ಟದವರು, ಗ್ರಂಥ ಮಾತ್ರ ರಾಷ್ಟ್ರಮಟ್ಟದ ತೂಕದ್ದು. ಪುಟಪುಟಕ್ಕೂ ಪರಿಪ್ರೇಕ್ಷ್ಯ, ಸಂಕಥನ, ಆಯಾಮ ಸಿಕ್ಕವು. ನದಿ ಎಲ್ಲೂ ಸಿಗಲಿಲ್ಲ. ಈ ಜ್ಞಾನಕಂದರವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಸ್ತುತತೆ.

ಕ್ಷೇತ್ರ ಪರಿಚಯ

ಪಶ್ಚಿಮ ರೈಲ್ವೆಯಲ್ಲಿ ಮುಂಬಯಿ ಮಹಾನಗರ ಪಾಲಿಕೆಯ ಸರಹದ್ದು ಮುಗಿಯುವ ಸ್ಟೇಷನ್ ದಹಿಸರ್. ಮುಂದಿನ ಮೀರಾ ರೋಡ್ ಬೇರೆ ಪಾಲಿಕೆಯದು, ಆದ್ದರಿಂದ ಬೇರೆ ಗ್ರಹದ್ದು. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ ತುಳಸಿ ಕೆರೆಯ ಕಡೆಯಿಂದ ಹೊರಡುವ ದಹಿಸರ್ ನದಿ, ಬೊರಿವಲಿ ದಾಟಿ, ಸುಮಾರು 12 ಕಿಲೋಮೀಟರ್ ಹರಿದು ಮನೋರಿ ಖಾಡಿಯನ್ನು ಸೇರುತ್ತದೆ. ಕಾಡಿನೊಳಗೆ ಅದಕ್ಕೆ ನೀರಿನ ಬಣ್ಣವೇ ಇದೆ. ಉದ್ಯಾನದ ಗೇಟು ದಾಟಿದ ಮೇಲೆ ತಬೇಲಾಗಳ ಸಗಣಿ, ಕಟ್ಟಡಗಳ ಮಲಿನಜಲ, ಪ್ಲಾಸ್ಟಿಕ್ ಮತ್ತು ನಾಯಕರು ಬಂದು ಸೇರುತ್ತಾರೆ.

ಪರಿಕಲ್ಪನಾತ್ಮಕ ಚೌಕಟ್ಟು

ಕಳಕಳಿಯನ್ನು ಅಳೆಯುವ ಸೂತ್ರ ಹೀಗಿದೆ: ಬ್ಯಾನರಿನ ಅಗಲವನ್ನು ಅದರಲ್ಲಿರುವ ಮುಖಗಳ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ಮಾಡಿದ ಕೆಲಸದಿಂದ ಭಾಗಿಸಬೇಕು. ಕೆಲಸ ಸೊನ್ನೆಯತ್ತ ಇಳಿದಷ್ಟೂ ಉತ್ತರ ಅನಂತದತ್ತ ಏರುತ್ತದೆ. ನಾಯಕರ ಕಳಕಳಿ ಅಪಾರ ಎಂಬ ಮಾತಿಗೆ ಇದೇ ಗಣಿತದ ಆಧಾರ. ಈ ಕಳಕಳಿಯಲ್ಲಿ ಏಳು ವಿಧಗಳಿವೆ.

1. ಋತುಮಾನೀಯ ಕಳಕಳಿ

ಏಪ್ರಿಲ್-ಮೇ ತಿಂಗಳಲ್ಲಿ ‘ನಾಲಾ ಸಫಾಯಿ’ ಎಂಬ ಹೆಸರಿನಲ್ಲಿ ಕಾಣಿಸಿಕೊಂಡು, ಜೂನ್‌ನ ಮೊದಲ ಮಳೆಗೆ ಕಣ್ಮರೆಯಾಗುತ್ತದೆ. ಇದರ ಪ್ರಧಾನ ಲಕ್ಷಣ ತರ್ಜನಿ. ಪೊಕ್ಲೇನ್ ಯಂತ್ರದ ಪಕ್ಕ ನಿಂತು ನಾಯಕರು ಹೂಳಿನತ್ತ ಬೆರಳು ತೋರುತ್ತಾರೆ, ಇಂಜಿನಿಯರು ಆ ಬೆರಳನ್ನು ನೋಡುತ್ತಾರೆ, ಫೋಟೋದವನು ಇಬ್ಬರನ್ನೂ ನೋಡುತ್ತಾನೆ. ಹೂಳನ್ನು ನೋಡುವವರು ಯಾರೂ ಇಲ್ಲದ್ದರಿಂದ ಅದು ದಡದಲ್ಲೇ ಗುಡ್ಡೆಯಾಗಿದ್ದು, ಮಳೆ ಬಂದಾಗ ಮರಳಿ ಮನೆಗೆ ಹೋಗುತ್ತದೆ. ಸೋದರ ನದಿ ಮೀಠಿಯಲ್ಲಿ ಈ ಶಾಸ್ತ್ರ ಇನ್ನೂ ಮುಂದುವರಿದಿದೆ: ಅಲ್ಲಿ ಹೂಳೆತ್ತಿದ ಲೆಕ್ಕದಲ್ಲಿ 65 ಕೋಟಿ ರೂಪಾಯಿಯ ವಂಚನೆ ನಡೆದಿದೆಯೆಂದು 2025ರಲ್ಲಿ ಪೊಲೀಸರು ಪ್ರಕರಣ ದಾಖಲಿಸಬೇಕಾಯಿತು.

2. ಗೇಯ ಕಳಕಳಿ

2018ರಲ್ಲಿ ದಹಿಸರ್, ಪೊಯ್ಸರ್, ಓಶಿವಾರಾ, ಮೀಠಿ ಎಂಬ ನಾಲ್ಕು ನದಿಗಳ ಉದ್ಧಾರಕ್ಕಾಗಿ ಒಂದು ಹಾಡಿನ ವಿಡಿಯೊ ಹೊರಬಂತು. ಸೋನು ನಿಗಮ್ ಜತೆ ಮುಖ್ಯಮಂತ್ರಿಯ ಪತ್ನಿ ಅಮೃತಾ ಫಡ್ನವೀಸ್ ಹಾಡಿದರು. ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸರೂ ಅರ್ಥಮಂತ್ರಿ ಸುಧೀರ್ ಮುನಗಂಟಿವಾರರೂ ತೆರೆಯ ಮೇಲೆ ಬಂದರು. ಪಾಲಿಕೆಯ ಆಯುಕ್ತರೂ ಪೊಲೀಸ್ ಆಯುಕ್ತರೂ ಹಿಂದೆ ಉಳಿಯಲಿಲ್ಲ. ಖರ್ಚು ಯಾರದು ಎಂದು ಪ್ರತಿಪಕ್ಷದವರು ಕೇಳಿದರು; ರಸಾಸ್ವಾದ ತಿಳಿಯದವರ ಮಾತು ಬಿಡಿ. ನದಿಗೆ ಕೊಳಚೆ ಬಿಡುವವರನ್ನು ತಡೆಯುವ ಅಧಿಕಾರ ಕೈಯಲ್ಲಿರುವವರೇ ‘ನದಿ ಉಳಿಸಿ’ ಎಂದು ನಮ್ಮನ್ನು ಹಾಡಿ ಬೇಡಿಕೊಂಡದ್ದು ಮಾತ್ರ ವಿಶ್ವಸಂಗೀತದ ಇತಿಹಾಸದಲ್ಲಿ ಅಪೂರ್ವ ಪ್ರಯೋಗ. ಶ್ರುತಿ ಶುದ್ಧವಿತ್ತು. ನೀರು ಅಲ್ಲ.

3. ಸ್ಥಾನಾಂತರ ಕಳಕಳಿ

ಸಮಸ್ಯೆಯನ್ನು ಪರಿಹರಿಸದೆ ಪಕ್ಕದವರ ಅಂಗಳಕ್ಕೆ ಸರಿಸುವ ತತ್ವಜ್ಞಾನವಿದು. ದಹಿಸರ್ ಟೋಲ್ ನಾಕಾದ ವಾಹನ ದಟ್ಟಣೆಯಿಂದ ಹೊಗೆ ಕುಡಿಯುತ್ತಿದ್ದ ಜನರಿಗಾಗಿ 2025ರಲ್ಲಿ ಸಾರಿಗೆ ಸಚಿವ ಪ್ರತಾಪ ಸರನಾಯಕರು ನಾಕಾವನ್ನೇ ಮುಂದಕ್ಕೆ ಒಯ್ಯಬೇಕೆಂದರು. ವಸಯಿಯ ಕಡೆಯವರು ನಮಗೆ ಬೇಡವೆಂದರು. ಎತ್ತರದ ನಿರ್ಬಂಧ ಹೇರಿ ಹಳೇ ಕಟ್ಟಡಗಳ ಪುನರ್ನಿರ್ಮಾಣಕ್ಕೆ ಅಡ್ಡವಾದ, ದಹಿಸರ್‌ನ ವಿಮಾನ ನಿಲ್ದಾಣ ಪ್ರಾಧಿಕಾರದ ರೇಡಾರ್ ಗೊರಾಯಿಗೆ ಹೋಗುತ್ತದಂತೆ. ಆ ಹಳೇ ಕಟ್ಟಡಗಳ ಸೋರುವ ಮಾಡಿನ ಕೆಳಗೆ ಕಾಲ ತಳ್ಳಿದವರ ಕಷ್ಟ ನಿಜವಾದದ್ದೇ. ಅದನ್ನು ಗೇಲಿ ಮಾಡಲು ನನಗೆ ಬಾಯಿ ಬರುವುದಿಲ್ಲ.

ಆದರೆ ಈ ದರ್ಶನದ ಶಿಖರ ಬೇರೆ. ವರ್ಸೋವಾದಿಂದ ದಹಿಸರ್ ದಾಟಿ ಭಾಯಂದರ್‌ವರೆಗಿನ ಕರಾವಳಿ ರಸ್ತೆಗಾಗಿ 45 ಸಾವಿರಕ್ಕೂ ಹೆಚ್ಚು ಕಾಂಡ್ಲಾ (ಮ್ಯಾಂಗ್ರೋವ್) ಮರ ಕಡಿಯಲು ಪಾಲಿಕೆ ಅನುಮತಿ ಕೇಳಿತು, 2025ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಕೊಟ್ಟಿತು. ಭಾಯಂದರ್‌ನಲ್ಲಿ ಕಾಂಡ್ಲಾ ಸಸಿ ನೆಡುತ್ತಾರಂತೆ, ಸರಿ. ಬದಲಿ ಅರಣ್ಯಕ್ಕೆಂದು ತೋರಿಸಿದ ಇನ್ನೊಂದು ಜಾಗ ಚಂದ್ರಾಪುರ ಜಿಲ್ಲೆಯಲ್ಲಿದೆ. ವಿದರ್ಭದ ಆ ತುದಿಗೆ ಸಮುದ್ರವೂ ಇಲ್ಲ, ಉಬ್ಬರ-ಇಳಿತವೂ ಇಲ್ಲ. ಇರುವುದು ಕಲ್ಲಿದ್ದಲು ಮತ್ತು ಬಿಸಿಲು. ದಹಿಸರ್‌ಗೆ ನುಗ್ಗುವ ನೀರನ್ನು ಚಂದ್ರಾಪುರದ ಮರ ತಡೆಯಬೇಕಾದರೆ ಆ ನೀರು ಮೊದಲು ರೈಲು ಹತ್ತಿ ಅಲ್ಲಿಗೆ ಹೋಗಬೇಕು.

4. ಉಭಯನಿಷ್ಠ ದ್ವಂದ್ವಾತ್ಮಕ ಕಳಕಳಿ

ಬೆಳಿಗ್ಗೆ ಮರದ ಪರ, ಸಂಜೆ ಗುಡಿಸಲಿನ ಪರ. ಇದರ ಪ್ರಯೋಗಶಾಲೆ ದಹಿಸರ್ ಪಶ್ಚಿಮದ ಗಣಪತ್ ಪಾಟೀಲ್ ನಗರ, ಕಾಂಡ್ಲಾ ಜಾಗದ ಮೇಲೆ ಬೆಳೆದ ಝೋಪಡಪಟ್ಟಿ. ಇದರ ಉಪವಿಧಗಳನ್ನು ಕೋಷ್ಟಕದಲ್ಲಿ…

ಕೋಷ್ಟಕ ಬೇಡ. ಈ ಆಟ ಇಲ್ಲಿಗೆ ಸಾಕು. ಐದು, ಆರು, ಏಳನೆಯ ವಿಧಗಳು ಹಾಳಾಗಿ ಹೋಗಲಿ.

ಉಚ್ಚ ನ್ಯಾಯಾಲಯ 2005ರಲ್ಲೇ ಕಾಂಡ್ಲಾ ಕಡಿಯಬಾರದು, ಅದರ ಸುತ್ತ 50 ಮೀಟರಿನೊಳಗೆ ಕಟ್ಟಬಾರದು ಎಂದಿತು. ಕಾಂಡ್ಲಾ ನಾಶವೆಂದರೆ ಬದುಕುವ ಹಕ್ಕಿನ ಭಂಗ ಎಂದು 2018ರಲ್ಲಿ ತೀರ್ಪು ಕೊಟ್ಟಿತು. ಇಷ್ಟಿದ್ದೂ ಕೆಸರಿನ ಮೇಲೆ ಮಣ್ಣು ಸುರಿದವರು ಯಾರು? ಆ ತುಂಡುಗಳನ್ನು ಬಡವರಿಗೆ ಮಾರಿದವರು ಯಾರು? ಮನೆ ಮಾಡಬಾರದ ಜಾಗಕ್ಕೂ ಮತ ಕೇಳುವವರ ಮೆರವಣಿಗೆ ದಾರಿ ತಪ್ಪದೆ ಹೋಗುತ್ತದೆ. ಬುಲ್ಡೋಜರ್ ಬಂದ ದಿನ ಕೆಡವುವುದು ತಗಡಿನ ಗೋಡೆ ಮಾತ್ರ. ಜಾಗ ಮಾರಿದವನ ಗೋಡೆಗೆ ಗೀರೂ ಬೀಳುವುದಿಲ್ಲ. ಒಂದು ತಂಡ ಗುಡಿಸಲಿನವರನ್ನು ಮರಗಳ ಶತ್ರು ಎನ್ನುತ್ತದೆ, ಇನ್ನೊಂದು ತಂಡ ಮರ ಉಳಿಸುವವರನ್ನು ಬಡವರ ಶತ್ರು ಎನ್ನುತ್ತದೆ. ಎರಡೂ ವೇದಿಕೆಗಳಲ್ಲಿ ಮುಖ್ಯ ಅತಿಥಿ ಒಬ್ಬರೇ.

ಪೂರ್ವದ ಕಾಡಂಚಿನಲ್ಲೂ ಇದೇ ಕಥೆ. ರಾಷ್ಟ್ರೀಯ ಉದ್ಯಾನದ ಅತಿಕ್ರಮಣ ತೆರವು ಮಾಡಲು 1997ರಲ್ಲಿ ಆದೇಶವಾಯಿತು. ಅರ್ಹರು 7,000 ರೂಪಾಯಿ ಕಟ್ಟಿದರೆ ಚಾಂದಿವಲಿಯಲ್ಲಿ ಮನೆ ಎಂದರು. ದುಡ್ಡು ಕಟ್ಟಿಯೂ ವರ್ಷಗಟ್ಟಲೆ ಕಾದವರಿದ್ದಾರೆ. ಝೋಪಡಿಗಳಿಗೆ ರಕ್ಷಣೆ ಕೊಡುವ ಗಡುವು 1995ರಿಂದ 2000ಕ್ಕೆ, ಅಲ್ಲಿಂದ 2011ಕ್ಕೆ ಸರಿಯಿತು. ಗಡುವು ಸರಿಸುವುದು ಸುಲಭ, ಮನೆ ಕಟ್ಟುವುದು ಕಷ್ಟ. ನಮ್ಮ ರಾತ್ರಿಶಾಲೆಗಳಲ್ಲಿ ಕಲಿತು, ಹೋಟೆಲಿನ ಮಾಳಿಗೆಯಲ್ಲಿ ಮಲಗಿ ಮೇಲೆ ಬಂದ ಕನ್ನಡಿಗರೂ ಈಗ ಆರನೇ ಮಹಡಿಯ ಕಿಟಕಿಯಿಂದ ಆ ಝೋಪಡಿಗಳವರನ್ನು ‘ಗಲೀಜು’ ಎನ್ನುವುದನ್ನು ಕೇಳಿದಾಗ ಮೈ ಉರಿಯುತ್ತದೆ.

ನ್ಯಾಯವಾಗಿ ಒಂದು ಅಪವಾದವನ್ನು ಹೇಳಲೇಬೇಕು. 2014ರಿಂದ 2024ರವರೆಗೆ ಉತ್ತರ ಮುಂಬಯಿಯ ಸಂಸದರಾಗಿದ್ದ ನಮ್ಮ ಕಡೆಯ ಗೋಪಾಲ ಶೆಟ್ಟರನ್ನು ಜನ ‘ಉದ್ಯಾನ ಸಮ್ರಾಟ’ ಎಂದು ಕರೆದದ್ದು ಸುಮ್ಮನೆ ಅಲ್ಲ. ಅವರು ಮಾಡಿಸಿದ ಉದ್ಯಾನಗಳಲ್ಲಿ ಮುದುಕರು ಕೂರುತ್ತಾರೆ, ಮಕ್ಕಳು ಆಡುತ್ತಾರೆ. ನನ್ನ ಸೂತ್ರಕ್ಕೆ ಇದರಿಂದ ಧಕ್ಕೆಯಾದರೆ ಆಗಲಿ. ಆದರೆ ಉದ್ಯಾನಕ್ಕೆ ಬೇಲಿಯಿದೆ, ನಾಮಫಲಕವಿದೆ, ಉದ್ಘಾಟನೆಯ ದಿನವಿದೆ. ಮಣ್ಣಿನ ಅಡಿಯ ಮಲದ ಕೊಳವೆಗೆ ಟೇಪು ಕತ್ತರಿಸಲು ಬರುವವರು ಯಾರು?

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ದಹಿಸರ್ ನದಿಯೂ ಮನೆಗಳಿಗೆ ನುಗ್ಗಿತು. ಆಮೇಲೆ ಕಾಂಕ್ರೀಟ್ ಗೋಡೆ ಎದ್ದಿತು. ಗೋಡೆಯ ಒಳಗೆ ಹರಿಯುವುದು ಮಾತ್ರ ಅದೇ ಸಗಣಿ, ಅದೇ ಕೊಳಚೆ. ಅದನ್ನು ತಡೆಯಲು ಕಟ್ಟಡಗಳ ಮಲಿನಜಲವನ್ನು ಕೊಳವೆಗೆ ಸೇರಿಸಿ ಶುದ್ಧೀಕರಿಸಬೇಕು, ತಬೇಲಾಗಳ ಸಗಣಿಗೆ ಬೇರೆ ದಾರಿ ಮಾಡಬೇಕು, ದಡದವರಿಗೆ ಎಬ್ಬಿಸುವ ಮುನ್ನವೇ ಹೊಸ ಮನೆಯ ಬೀಗದ ಕೈ ಕೊಡಬೇಕು. 2022ರ ಮಾರ್ಚಿನಿಂದ ಸುಮಾರು ನಾಲ್ಕು ವರ್ಷ ಪಾಲಿಕೆಯಲ್ಲಿ ನಗರಸೇವಕರೇ ಇರಲಿಲ್ಲ, ಕೇಳೋಣವೆಂದರೆ ಬಾಗಿಲೇ ಇರಲಿಲ್ಲ. ಈಗ ಇದ್ದಾರೆ. ಮುಂದಿನ ಮೇ ತಿಂಗಳಲ್ಲಿ ಅವರು ಬೆರಳು ಎತ್ತಿದಾಗ ಯಾರಾದರೂ ಆ ಬೆರಳಿನ ನೇರಕ್ಕೆ ನಿಂತು ಕೇಳಿ: ಈ ಪೈಪು ಯಾವ ಕಟ್ಟಡದ್ದು?